ಜಾಗ ಬದಲಿಸುವ ಪ್ಲಗ್ ಪಾಯಿಂಟ್: ಟ್ರ್ಯಾಕ್ ಸಾಕೆಟ್ ನಮ್ಮ ಕರಾವಳಿ ಮನೆಗಳಿಗೆ ಹೊಂದುತ್ತದೆಯೇ?

ಕಾರವಾರದ ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಅಕ್ಕೋರು (ಟೀಚರ್) ಇದ್ದಾರೆ. ಬೆಂಗಳೂರಿನ ಮಗನ ಮನೆಗೆ ಹೋಗಿ ಬಂದ ಮಾರನೇ ದಿನ ಬೇಲಿಯ ಹತ್ತಿರ ನಿಲ್ಲಿಸಿ ಕೇಳಿದರು: "ತಮಾ, ಅವನ ಅಡಿಗೆಮನೆ ಗೋಡೆಗೆ ಒಂದು ಉದ್ದ ಪಟ್ಟಿ ಹಾಕಿದ್ದಾರೆ. ಪ್ಲಗ್ ಪಾಯಿಂಟನ್ನೇ ಕೈಯಲ್ಲಿ ಕಿತ್ತು ಬೇರೆ ಕಡೆ ಇಡ್ತಾರೆ. ಕರೆಂಟ್ ಹೊಡೆಯೋದಿಲ್ವಾ? ನಮ್ಮ ಕಾರವಾರದ ಹವೆಗೆ ಅದು ಬಾಳಿಕೆ ಬರ್ತದಾ?"

ಇದೇ ಪ್ರಶ್ನೆಯನ್ನು ಈಚೆಗೆ ಇನ್ನೂ ಕೆಲವರು ಕೇಳಿದ್ದಾರೆ. ಕಾರಣ ಗೊತ್ತಿರುವುದೇ. ನಮ್ಮ ಹಳೇ ಮನೆಗಳಲ್ಲಿ ರೂಮಿಗೆ ಒಂದೋ ಎರಡೋ ಪಾಯಿಂಟ್. ಆಗ ಅಷ್ಟೇ ಸಾಕಿತ್ತು. ಈಗ ಫೋನು, ಲ್ಯಾಪ್‌ಟಾಪ್, ವೈಫೈ, ಇಂಡಕ್ಷನ್ ಒಲೆ, ಕೆಟಲ್ ಎಲ್ಲದಕ್ಕೂ ಜಾಗ ಬೇಕು. ಅದಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್, ಆ ಬೋರ್ಡಿಗೆ ಇನ್ನೊಂದು ಬೋರ್ಡ್. ನಮ್ಮ ಮನೆಯಲ್ಲೇ ಒಂದು ಜುಲೈ ತಿಂಗಳಲ್ಲಿ ಇಂಡಕ್ಷನ್ ಮತ್ತು ಕೆಟಲ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಓಡುತ್ತಿದ್ದವು. ಸುಟ್ಟ ವಾಸನೆ ಬಂತು ಅಂತ ಓಡಿ ಹೋಗಿ ನೋಡಿದರೆ ಬೋರ್ಡ್ ಕರಗಿ ಟೇಬಲ್ಲಿಗೆ ಅಂಟಿತ್ತು. ಆಮೇಲೆಯೇ ನಾನು ಟ್ರ್ಯಾಕ್ ಸಾಕೆಟ್ ಬಗ್ಗೆ ಸರಿಯಾಗಿ ತಿಳಿದುಕೊಂಡು ಮನೆಗೆ ಹಾಕಿಸಿದ್ದು.

## ಪಟ್ಟಿಯ ಒಳಗೆ ಏನಿದೆ?

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕೊಂಕಣ ರೈಲ್ವೆ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುತ್ ಮಾರ್ಗವಾಯಿತು. ಹಳಿಯ ಮೇಲೆ ಉದ್ದಕ್ಕೂ ತಂತಿ ಇದೆ. ಎಂಜಿನ್ನಿನ ತಲೆಯ ಮೇಲಿನ ಚೌಕಟ್ಟು ಆ ತಂತಿಯನ್ನು ಮುಟ್ಟಿಕೊಂಡಿರುತ್ತದೆ. ರೈಲು ಶಿರವಾಡದಲ್ಲಿರಲಿ, ಗೋಕರ್ಣ ರೋಡ್‌ನಲ್ಲಿರಲಿ, ಎಲ್ಲಿ ನಿಂತರೂ ಕರೆಂಟ್ ಸಿಗುತ್ತದೆ.

ಟ್ರ್ಯಾಕ್ ಸಾಕೆಟ್ಟೂ ಹಾಗೆಯೇ. ಗೋಡೆಯ ಮೇಲೆ ಕಾಣುವ ಪಟ್ಟಿ ಸಾಮಾನ್ಯವಾಗಿ ಅಲ್ಯುಮಿನಿಯಂನದು. ಅದೇ ಟ್ರ್ಯಾಕ್. ಅದರ ಒಳಗೆ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಾಮ್ರದ ಪಟ್ಟಿಗಳು ಇರುತ್ತವೆ: ಫೇಸ್‌ಗೆ ಒಂದು, ನ್ಯೂಟ್ರಲ್‌ಗೆ ಒಂದು, ಅರ್ತ್‌ಗೆ ಒಂದು. ಫೇಸ್ ಅಂದರೆ ಕರೆಂಟ್ ಬರುವ ದಾರಿ, ನ್ಯೂಟ್ರಲ್ ಅಂದರೆ ವಾಪಸ್ ಹೋಗುವ ದಾರಿ. ಅರ್ತ್ ಅಂದರೆ ತಪ್ಪಿ ಲೋಹದ ಮೈಗೆ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ.

ಇದರ ಮೇಲೆ ಕೂರುವ ಚಿಕ್ಕ ಡಬ್ಬಿಗೆ ಅಡಾಪ್ಟರ್ ಎನ್ನುತ್ತಾರೆ. ಮುಂದುಗಡೆ ನಮ್ಮ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಇಲ್ಲವೇ ಮೊಬೈಲ್ ಚಾರ್ಜಿಂಗಿನ ಯುಎಸ್‌ಬಿ ತೂತು. ಹಿಂದೆ ಲೋಹದ ನಾಲಿಗೆಗಳು. ಹೆಚ್ಚಿನ ಮಾದರಿಗಳಲ್ಲಿ ಅಡಾಪ್ಟರನ್ನು ಪಟ್ಟಿಯ ಸೀಳಿಗೆ ಒತ್ತಿ, ಕಾಲು ಸುತ್ತು ತಿರುಗಿಸಿದರೆ ನಾಲಿಗೆಗಳು ತಾಮ್ರವನ್ನು ಕಚ್ಚಿಕೊಳ್ಳುತ್ತವೆ. ವಾಪಸ್ ತಿರುಗಿಸಿದರೆ ಬಿಡುತ್ತವೆ. ಅಷ್ಟೇ ಕೆಲಸ.

ಹೊಸ ವಿದ್ಯೆ ಏನಲ್ಲ ಇದು. ಕಾರ್ಖಾನೆಗಳಲ್ಲಿ ಮೆಷಿನ್ನುಗಳ ಜಾಗ ಬದಲಾಗುತ್ತಲೇ ಇರುವುದರಿಂದ, ತಲೆಯ ಮೇಲೆ ಉದ್ದಕ್ಕೂ ತಾಮ್ರದ ಪಟ್ಟಿಯ ದಾರಿ ಮಾಡಿ ಬೇಕಾದಲ್ಲಿ ಕರೆಂಟ್ ಇಳಿಸಿಕೊಳ್ಳುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಅದರ ಪುಟ್ಟ ರೂಪ ಈಗ ಅಡಿಗೆಮನೆಗೆ ಬಂದಿದೆ.

ಒಂದು ಗೊಂದಲ ಬಿಡಿಸಬೇಕು. ಬಟ್ಟೆ ಅಂಗಡಿಯ ಛಾವಣಿಯಲ್ಲಿ ಸಾಲಾಗಿ ಬಲ್ಬ್ ಕೂರಿಸಿದ ಪಟ್ಟಿ ನೋಡಿರುತ್ತೀರಿ. ಅದು ಲೈಟಿನ ಟ್ರ್ಯಾಕ್, ಬರೀ ಬಲ್ಬ್‌ಗಳಿಗೆ ಮಾಡಿದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಮಿಕ್ಸಿ, ಕೆಟಲ್ ಜೋಡಿಸುವ ಸಾಹಸ ಖಂಡಿತ ಬೇಡ.

## ಮಗು ಬೆರಳು ಹಾಕಿದರೆ?

ಅಡಾಪ್ಟರ್ ತೆಗೆದರೂ ಪಟ್ಟಿಯ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಇದನ್ನು ಮನೆಯವರೆಲ್ಲ ತಿಳಿದಿರಬೇಕು.

ಹಾಗಾದರೆ ಹೊಡೆಯುವುದಿಲ್ಲ ಏಕೆ? ಸೀಳು ಬಹಳ ಕಿರಿದು. ಬೆರಳು ಒಳಗೆ ಹೋಗುವುದಿಲ್ಲ. ಹೋದರೂ ಫೇಸ್ ಪಟ್ಟಿ ನೇರ ಎದುರಿಗೆ ಇರುವುದಿಲ್ಲ. ಪಕ್ಕಕ್ಕೆ, ಪ್ಲಾಸ್ಟಿಕ್ಕಿನ ಮರೆಯಲ್ಲಿ ಇರುತ್ತದೆ. ಅಡಾಪ್ಟರ್ ತಿರುಗಿಸುವಾಗ ಅರ್ತ್ ಮೊದಲು ಸೇರಿ, ಫೇಸ್ ಆಮೇಲೆ ಸೇರುವ ಹಾಗೆ ಒಳ್ಳೆಯ ಮಾದರಿಗಳನ್ನು ಮಾಡಿರುತ್ತಾರೆ. ನಮ್ಮ ಮೂರು ಪಿನ್ನಿನ ಪ್ಲಗ್ಗನ್ನೇ ನೋಡಿ: ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇದೆ ಅಲ್ವಾ? ಅದೇ ಕಾರಣಕ್ಕೆ. ಅರ್ತ್ ಮೊದಲು ಮುಟ್ಟಬೇಕು, ಕೊನೆಗೆ ಬಿಡಬೇಕು.

ಆದರೆ ಬೆರಳು ಹೋಗದ ಕಡೆ ಹೇರ್‌ಪಿನ್ ಹೋಗುತ್ತದೆ, ಹಿಡಿಕಡ್ಡಿ ಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪಟ್ಟಿಯನ್ನು ಮಗುವಿನ ಕೈಗೆ ಎಟುಕದ ಎತ್ತರಕ್ಕೆ ಹಾಕಿಸಿ. ಸೀಳಿಗೆ ರಬ್ಬರಿನ ತುಟಿ ಅಥವಾ ಮುಚ್ಚಳ ಇರುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.

ನಿಜವಾದ ಕಾವಲು ಗೋಡೆಯ ಮೇಲಿಲ್ಲ, ಮೀಟರ್ ಹತ್ತಿರದ ಡಬ್ಬಿಯಲ್ಲಿದೆ. ಅದರ ಹೆಸರು ಆರ್‌ಸಿಸಿಬಿ. ಮೀನುಗಾರಿಕೆಗೆ ಹೊರಟ ಬೋಟಿನಲ್ಲಿ ಹೋಗುವಾಗ ತಲೆ ಎಣಿಸಿ, ಬೈತಖೋಲ ಬಂದರಿಗೆ ವಾಪಸ್ ಬಂದಾಗ ಮತ್ತೆ ಎಣಿಸಿದ ಹಾಗೆ ಅದು ಕರೆಂಟನ್ನು ಎಣಿಸುತ್ತದೆ. ಫೇಸ್‌ನಲ್ಲಿ ಹೋದಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಅದು ಯಾರದೋ ಮೈಯ ಮೂಲಕವೂ ಇರಬಹುದು. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿನದು ಇರಬೇಕು. ಅಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಲೈನ್ ಬಂದ್ ಮಾಡುತ್ತದೆ. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಕಾವಲುಗಾರ ನಿದ್ದೆ ಮಾಡಿದ್ದಾನೆ, ಬದಲಿಸಿ.

ಆರ್‌ಸಿಸಿಬಿ ಇಲ್ಲದ ಮನೆಗೆ ಟ್ರ್ಯಾಕ್ ಸಾಕೆಟ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಅದು, ಆಮೇಲೆ ಇದು.

## ಪಾಯಿಂಟ್ ಜಾಸ್ತಿ ಆದರೆ ಕರೆಂಟ್ ಜಾಸ್ತಿ ಆಗುವುದಿಲ್ಲ

ಎಲ್ಲರೂ ಎಡವುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಿರಸಿ ಕಡೆಯ ಅಡಿಕೆ ತೋಟದವರಿಗೆ ಗೊತ್ತು. ಒಂದು ಪೈಪ್‌ಲೈನಿಗೆ ನೀರು ಹಾರಿಸುವ ಜೆಟ್ ಎಷ್ಟು ಬೇಕಾದರೂ ಕೂರಿಸಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದೂ ಸರಿಯಾಗಿ ಹಾರುವುದಿಲ್ಲ. ಪಂಪ್ ಅದೇ, ಪೈಪ್ ಅದೇ. ಟ್ರ್ಯಾಕ್ ಕೂಡ ಹಾಗೆ. ಒಂದು ದೊಡ್ಡ ವ್ಯತ್ಯಾಸ ಇದೆ. ನೀರು ತಾನಾಗಿ ಕಡಿಮೆಯಾಗುತ್ತದೆ, ಯಾರಿಗೂ ಅಪಾಯ ಇಲ್ಲ. ಕರೆಂಟ್ ಹಾಗಲ್ಲ. ಮಿಕ್ಸಿ, ಒಲೆ ಕೇಳಿದಷ್ಟನ್ನೂ ವೈರ್ ಕೊಡುತ್ತಲೇ ಹೋಗುತ್ತದೆ. ಕೊಡುತ್ತಾ ಕೊಡುತ್ತಾ ಬಿಸಿಯಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ವೋಲ್ಟ್ ಅಂದರೆ ನೂಕುವ ಒತ್ತಡ, ಆಂಪ್ ಅಂದರೆ ಹರಿಯುವ ಪ್ರಮಾಣ, ವ್ಯಾಟ್ ಅಂದರೆ ಎರಡರ ಗುಣಾಕಾರ. ನಮ್ಮ ಮನೆಗೆ ಬರುವುದು 230 ವೋಲ್ಟ್. ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿನದು, ಅಂದರೆ 1380 ವ್ಯಾಟ್. ನಾವು ಪವರ್ ಪ್ಲಗ್ ಅನ್ನುವ ದಪ್ಪ ಪಿನ್ನಿನದು 16 ಆಂಪ್, ಅಂದರೆ 3680 ವ್ಯಾಟ್.

ಈಗ ಬೆಳಗಿನ ಅಡಿಗೆಮನೆ ನೋಡಿ. ಇಂಡಕ್ಷನ್ ಒಲೆ 2000 ವ್ಯಾಟ್. ಚಹಾಕ್ಕೆ ಕೆಟಲ್ 1500. ಸೇರಿ 3500. ಅದರ ಹಿಂದೆ 16 ಆಂಪಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಬಂದ್ ಮಾಡುವ ಸ್ವಿಚ್) ಇದ್ದರೆ ಅಂಚಿನಲ್ಲಿದ್ದೀರಿ. ಇದರ ಜೊತೆ ಕಾಯಿ ರುಬ್ಬಲು 750 ವ್ಯಾಟಿನ ಮಿಕ್ಸಿ ಹಾಕಿದರೆ 4250, ಅಂದರೆ ಸುಮಾರು 18.5 ಆಂಪ್. ಮಿತಿ ಮೀರಿತು. ಅದೇ ಪಟ್ಟಿಗೆ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್, ಮೊಬೈಲ್ 20, ವೈಫೈ 10 ಹಾಕಿದರೆ ಲೆಕ್ಕಕ್ಕೇ ಬರುವುದಿಲ್ಲ. ಅಂಥವು ಎಷ್ಟಿದ್ದರೂ ಚಿಂತೆ ಇಲ್ಲ. ಬಿಸಿ ಮಾಡುವ ವಸ್ತುಗಳನ್ನು ಮತ್ತು ಮಿಕ್ಸಿಯಂಥ ಮೋಟಾರನ್ನು ಮಾತ್ರ ಎಣಿಸಿ: ಒಲೆ, ಕೆಟಲ್, ಇಸ್ತ್ರಿ, ಓವನ್, ಗೀಸರ್, ಮಿಕ್ಸಿ.

"ಎಂಸಿಬಿ ಇದೆಯಲ್ಲ, ಜಾಸ್ತಿ ಆದರೆ ಬೀಳ್ತದೆ" ಅಂತ ಹೇಳುವವರಿದ್ದಾರೆ. ಅರ್ಧ ನಿಜ. ಶಾರ್ಟ್ ಆದರೆ ಎಂಸಿಬಿ ತಕ್ಷಣ ಬೀಳುತ್ತದೆ. ಆದರೆ 16 ಆಂಪಿನ ಎಂಸಿಬಿಯಲ್ಲಿ 18.5 ಆಂಪ್ ಹರಿದರೆ ಬಹಳ ಹೊತ್ತು ಬೀಳದೆಯೂ ಇರಬಹುದು. ಅದನ್ನು ಮಾಡಿರುವುದೇ ಹಾಗೆ. ಸ್ವಲ್ಪ ಮೀರಿದ್ದನ್ನು ಸಹಿಸಿಕೊಂಡು, ಹೆಚ್ಚು ಮೀರಿದಷ್ಟೂ ಬೇಗ ಬೀಳುತ್ತದೆ. ಅಷ್ಟರಲ್ಲಿ ಎಲ್ಲೋ ಒಂದು ಸಡಿಲ ಸ್ಕ್ರೂ ಇದ್ದರೆ ಅಲ್ಲಿ ಕಾವು ಏರುತ್ತಿರುತ್ತದೆ. ನಮ್ಮ ಬೋರ್ಡ್ ಕರಗಿದ ದಿನವೂ ಎಂಸಿಬಿ ಬಿದ್ದಿರಲಿಲ್ಲ.

ಮಾರುವವರು "ಇದು 32 ಆಂಪಿನ ಟ್ರ್ಯಾಕ್" ಅನ್ನುತ್ತಾರೆ. ಅದು ತಾಮ್ರದ ಪಟ್ಟಿಯ ತಾಕತ್ತು ಮಾತ್ರ. ಅದಕ್ಕೆ ಕರೆಂಟ್ ತರುವ ವೈರ್ ಯಾವುದು, ಎಂಸಿಬಿ ಎಷ್ಟರದು ಅನ್ನುವುದರಿಂದ ನಿಮಗೆ ಸಿಗುವುದು ತೀರ್ಮಾನ ಆಗುತ್ತದೆ. ತಾಮ್ರದ ವೈರಿನಲ್ಲಿ 16 ಆಂಪಿಗೆ ಕನಿಷ್ಠ ಎರಡೂವರೆ ಎಂಎಂ (ಅಂಗಡಿಯ ಮಾತಿನಲ್ಲಿ ಎಂಎಂ ಅಂದರೆ ಚದರ ಮಿಲಿಮೀಟರ್) ಬೇಕು. ಅಡಿಗೆಮನೆಗೆ ನಾಲ್ಕು ಎಂಎಂ ಎಳೆಸಿದರೆ ನೆಮ್ಮದಿ. 32 ಆಂಪ್ ಪೂರ್ತಿ ಬೇಕೆಂದರೆ ಆರು ಎಂಎಂ. ಹಳೇ ಲೈಟ್ ಬೋರ್ಡಿನಿಂದ ಸುಮ್ನೆ ಒಂದು ಕೊಂಡಿ ಎಳೆದು ಟ್ರ್ಯಾಕಿಗೆ ಕೊಡುವುದಂತೂ ಆಗಲೇಬಾರದು. ಮೇನ್ ಡಬ್ಬಿಯಿಂದ ಅದಕ್ಕೆ ಬೇರೆ ಲೈನ್, ಬೇರೆ ಎಂಸಿಬಿ ಬೇಕು.

ಇನ್ನೊಂದು ಕಾಗದ ನೋಡಿ: ಹೆಸ್ಕಾಂ ಬಿಲ್. ಅದರಲ್ಲಿ ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. 32 ಆಂಪ್ ಅಂದರೆ 7 ಕಿಲೋವ್ಯಾಟಿಗಿಂತ ಜಾಸ್ತಿ. ಬಿಲ್ಲಿನಲ್ಲಿ 2 ಅಥವಾ 3 ಕಿಲೋವ್ಯಾಟ್ ಇರುವ ಮನೆಗೆ ಅಷ್ಟು ದೊಡ್ಡ ಟ್ರ್ಯಾಕಿನ ಪೂರ್ತಿ ಉಪಯೋಗ ಆಗುವುದಿಲ್ಲ.

## ಚಿರೆಕಲ್ಲಿನ ಗೋಡೆಗೆ ಹೇಗೆ ಕೂರಿಸುವುದು?

ನಮ್ಮ ಕಡೆಯ ಮನೆಗಳಿಗೆ ಟ್ರ್ಯಾಕ್ ಇಷ್ಟವಾಗಲು ಒಂದು ಒಳ್ಳೆಯ ಕಾರಣ ಇದೆ. ಚಿರೆಕಲ್ಲಿನ ಗೋಡೆ ಕೊರೆದು ಪೈಪ್ ಹುಗಿಸುವ ಕೆಲಸ ನೋಡಿದವರಿಗೆ ಗೊತ್ತು, ಮನೆ ತುಂಬ ಕೆಂಪು ಧೂಳು. ಹೊಸ ಪಾಯಿಂಟ್ ಬೇಕೆಂದಾಗಲೆಲ್ಲ ಅದೇ ಗೋಳು. ಗೋಡೆಯ ಮೇಲೆ ಕೂರುವ ಟ್ರ್ಯಾಕಿಗೆ ಒಂದು ತುದಿಗೆ ಮಾತ್ರ ಕರೆಂಟ್ ತಂದರೆ ಸಾಕು. ಗೋಡೆ ಕೊರೆಯುವುದು ಪೂರ್ತಿ ತಪ್ಪುವುದಿಲ್ಲ, ಆದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಅದೂ ಬೇಡ ಅಂದರೆ ಗೋಡೆಯ ಮೇಲೆ ಹೊಡೆಯುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯೊಳಗೆ ವೈರ್ ತರಬಹುದು.

ತೊಂದರೆ ಬೇರೆ ಕಡೆ ಇದೆ. ಚಿರೆಕಲ್ಲು ತೂತು ತೂತಾದ ಕಲ್ಲು. ಡ್ರಿಲ್ ಹಾಕಿದರೆ ತೂತಿನ ಬಾಯಿ ಉದುರುತ್ತದೆ, ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಹೊಡೆಯುವ ತುಂಡು) ಸಡಿಲವಾಗುತ್ತದೆ. ಮಾಮೂಲಿ ಬೋರ್ಡಿಗೆ ಇದು ಅಷ್ಟು ಮುಖ್ಯವಲ್ಲ. ಟ್ರ್ಯಾಕಿಗೆ ಮುಖ್ಯ, ಏಕೆಂದರೆ ದಿನಾ ಅಡಾಪ್ಟರ್ ಒತ್ತುತ್ತೀರಿ, ತಿರುಗಿಸುತ್ತೀರಿ. ಪ್ರತಿ ಸಲವೂ ಪಟ್ಟಿಯ ಮೇಲೆ ಜಗ್ಗು ಬೀಳುತ್ತದೆ. ಆದ್ದರಿಂದ ಉದ್ದದ ಸ್ಕ್ರೂ, ಒಳ್ಳೆಯ ಗಿಟ್ಟಿ, ಅಡಿಗೊಂದು ಸ್ಕ್ರೂ ಇರಲಿ. ಗಾರೆ ಉದುರುವ ಗೋಡೆಯಾದರೆ ಮೊದಲು ಆ ಜಾಗಕ್ಕೆ ಸಿಮೆಂಟ್ ಹಾಕಿ ಗಟ್ಟಿ ಮಾಡಿಸಿ. ಮಲೆನಾಡಿನ ಮಣ್ಣಿನ ಗೋಡೆಗೆ ನೇರವಾಗಿ ಹೊಡೆದರೆ ನಿಲ್ಲುವುದಿಲ್ಲ. ಅಲ್ಲಿ ಕಂಬಕ್ಕೋ ಗಟ್ಟಿಯಾದ ಮೇಜಿನ ಅಂಚಿಗೋ ಕೂರಿಸುವುದು ಲೇಸು.

ಹಳೇ ಮನೆಗಳಲ್ಲಿ ಇನ್ನೊಂದು ವಿಷಯ. ಎಷ್ಟೋ ಕಡೆ ಬೋರ್ಡಿಗೆ ಮೂರು ತೂತು ಇರುತ್ತದೆ, ಅರ್ತ್ ವೈರ್ ಇರುವುದಿಲ್ಲ. ಟ್ರ್ಯಾಕಿನ ಮೈ ಅಲ್ಯುಮಿನಿಯಂ. ಒಳಗೆ ಏನಾದರೂ ಬಿಟ್ಟುಕೊಂಡರೆ ಇಡೀ ಪಟ್ಟಿಗೆ ಕರೆಂಟ್ ಬರಬಹುದು. ಅದಕ್ಕೆ ಅರ್ತ್ ಸರಿ ಇರಲೇಬೇಕು. ಅರ್ತ್ ಗುಂಡಿಯನ್ನು, ಅಂದರೆ ಅರ್ತ್ ವೈರ್ ನೆಲ ಸೇರುವ ಹೊಂಡವನ್ನು, ಬೇಸಿಗೆಯಲ್ಲಿ ಮೀಟರ್ ಇಟ್ಟು ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ನೆಲ ಒದ್ದೆ ಇರುವಾಗ ಎಲ್ಲ ಅರ್ತ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ಮರಳು ಒಣಗಿದಾಗ ಅದರ ನಿಜ ಗೊತ್ತಾಗುತ್ತದೆ. ಸಮುದ್ರದ ಬದಿಯಲ್ಲಿ ಉಪ್ಪು ಮಣ್ಣು ಆ ಹೊಂಡದ ಜಿಐ (ಸತು ಲೇಪದ ಕಬ್ಬಿಣ) ಪೈಪನ್ನು ಬೇಗ ತಿನ್ನುತ್ತದೆ, ಅದನ್ನೂ ನೋಡಿಸಿ.

## ಉಪ್ಪು ಗಾಳಿ, ಮಳೆ, ಇರುವೆ

ಅಕ್ಕೋರ ಎರಡನೇ ಪ್ರಶ್ನೆ ಇದೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೂನ್‌ನಿಂದ ನಾಲ್ಕು ತಿಂಗಳು ಗೋಡೆ ಬೆವರುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ. ಉಳಿದ ತಿಂಗಳು ಉಪ್ಪು ಗಾಳಿ. ದೇವರ ಮನೆಯ ತಾಮ್ರದ ತಂಬಿಗೆಗೆ ಬರುವ ಹಸಿರು ಕಿಲುಬು ಟ್ರ್ಯಾಕಿನ ತಾಮ್ರಕ್ಕೂ ಬರಬಲ್ಲದು. ಕಿಲುಬು ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಅಡ್ಡ ನಿಂತ ಕಡೆ ಬಿಸಿ, ಬಿಸಿಯಾದ ಕಡೆ ಸ್ಪ್ರಿಂಗ್ ಸಡಿಲ, ಸಡಿಲವಾದ ಕಡೆ ಕಿಡಿ. ಒಂದರ ಹಿಂದೆ ಒಂದು.

ಮಾಮೂಲಿ ಸಾಕೆಟ್ಟಿಗೂ ಈ ಕಾಟ ಇದೆ. ಆದರೆ ಅಲ್ಲಿ ತೂತು ಮೂರೇ. ಇಲ್ಲಿ ಪಟ್ಟಿಯ ಉದ್ದಕ್ಕೂ ಬಾಯಿ ತೆರೆದಿರುತ್ತದೆ. ಆದ್ದರಿಂದ ಕರಾವಳಿಯವರು ಕೆಲವು ವಿಷಯಗಳಲ್ಲಿ ಹಟ ಹಿಡಿಯಬೇಕು. ಸೀಳಿಗೆ ರಬ್ಬರಿನ ತುಟಿ ಇರಲಿ. ತುದಿಯ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಇರುವೆ ಒಳಗೆ ಸಂಸಾರ ಹೂಡುತ್ತದೆ. ಮಳೆಗಾಲದಲ್ಲಿ ನಮ್ಮ ಸ್ವಿಚ್‌ಬೋರ್ಡ್ ಬಿಚ್ಚಿದರೆ ಇರುವೆ ಗೂಡು, ಹಲ್ಲಿ ಮೊಟ್ಟೆ ಸಿಗುವುದು ಎಲ್ಲರೂ ಕಂಡದ್ದೇ. ಅಲ್ಯುಮಿನಿಯಂ ಮೈಗೆ ಆನೊಡೈಸ್ ಅಥವಾ ಪೌಡರ್ ಕೋಟಿಂಗ್ ಇರಬೇಕು. ಬರೀ ಅಲ್ಯುಮಿನಿಯಂ ಉಪ್ಪು ಗಾಳಿಗೆ ಬಿಳಿ ಪುಡಿ ಉದುರಿಸುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಇರಲಿ. 316 ದರ್ಜೆಯದು ಸಿಕ್ಕರೆ ಸಮುದ್ರದ ಗಾಳಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಪಟ್ಟಿಯನ್ನು ಸೀಳು ಆಕಾಶ ನೋಡುವ ಹಾಗೆ ಮಲಗಿಸಿ ಕೂರಿಸಬೇಡಿ. ನೀರು, ಹಿಟ್ಟು, ಧೂಳು ಎಲ್ಲ ಒಳಗೇ ಬೀಳುತ್ತದೆ.

ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಬಿಟ್ಟ ಅಡಾಪ್ಟರನ್ನು ಆಗಾಗ ಕಿತ್ತು ತಿರುಗಿ ಕೂರಿಸಿ. ಆ ಉಜ್ಜುವಿಕೆಯಲ್ಲಿ ತೆಳುವಾದ ಕಿಲುಬು ಹೋಗುತ್ತದೆ. ಆದರೆ ಒಲೆ ಉರಿಯುತ್ತಿರುವಾಗ ಅಡಾಪ್ಟರ್ ಕೀಳಬೇಡಿ. ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್, ಆಮೇಲೆ ಅಡಾಪ್ಟರ್. ಕರೆಂಟ್ ಹರಿಯುವಾಗ ಕಿತ್ತರೆ ಒಳಗೆ ಕಿಡಿ ಹಾರಿ ತಾಮ್ರದ ಮೇಲೆ ಗುಳಿ ಬೀಳುತ್ತದೆ. ಸ್ವಿಚ್ ಇರುವ ಅಡಾಪ್ಟರ್ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸಿ.

ಮೇ ತಿಂಗಳ ಗುಡುಗು ಸಿಡಿಲಿಗೆ ಟ್ರ್ಯಾಕ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಅದಕ್ಕೆ ಮೇನ್ ಡಬ್ಬಿಯಲ್ಲಿ ಬೇರೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸಾಧನ) ಬೇಕು. ಮೋಡ ಕವಿದಾಗ ಪ್ಲಗ್ ಕಿತ್ತಿಡುವ ನಮ್ಮ ಹಿರಿಯರ ರೂಢಿ ಈಗಲೂ ಸರಿಯೇ.

## ಎಲ್ಲಿ ಬೇಕು, ಎಲ್ಲಿ ಬೇಡ

ವಸ್ತು ಬದಲಾಗುತ್ತಾ ಇರುವ ಕಡೆ ಟ್ರ್ಯಾಕ್ ಚೆನ್ನ. ಅಡಿಗೆ ಕಟ್ಟೆ, ಓದುವ ಮೇಜು, ಟಿವಿ ಇರುವ ಗೋಡೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಮಂಚದ ಪಕ್ಕ ಬಹಳ ಉಪಯೋಗ: ನೆಬ್ಯುಲೈಸರ್, ಗಾಳಿ ಹಾಸಿಗೆಯ ಪಂಪ್, ಲೈಟ್, ಫೋನ್ ಎಲ್ಲವೂ ನೆಲದಲ್ಲಿ ವೈರ್ ಹರಡದೆ ಕೂರುತ್ತವೆ. ರಾತ್ರಿ ಎದ್ದವರು ವೈರಿಗೆ ಎಡವುವುದು ತಪ್ಪುತ್ತದೆ.

ಜಾಗ ಬದಲಿಸದ ವಸ್ತುಗಳಿಗೆ ಇದು ದಂಡ. ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್, ಏಸಿ, ಬಾವಿಯ ಪಂಪ್. ಇವಕ್ಕೆ ಒಂದೊಂದು ಸ್ವಂತ ಪಾಯಿಂಟ್ ಇರುವುದೇ ಸರಿ. ಬಚ್ಚಲಿಗೆ, ಮಳೆ ಇರಚಲು ಹೊಡೆಯುವ ಜಗಲಿಗೆ, ಸಿಂಕ್‌ನ ನೇರ ಹಿಂದಿನ ಗೋಡೆಗೆ ಬೇಡವೇ ಬೇಡ.

## ಕೊಳ್ಳುವಾಗ

ಒಂದು ಮೀಟರ್ ಪಟ್ಟಿ, ಎರಡು ಮೂರು ಅಡಾಪ್ಟರ್ ಸೇರಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ಬೆಲೆಗಿಂತ ಮೊದಲು ನೋಡಬೇಕಾದ್ದು: ಅಡಾಪ್ಟರುಗಳು ಒಂದು ಕಂಪನಿಯವು ಇನ್ನೊಂದರ ಪಟ್ಟಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಎರಡು ವರ್ಷದ ಮೇಲೆ ಒಂದು ಅಡಾಪ್ಟರ್ ಹಾಳಾದರೆ ಹುಬ್ಬಳ್ಳಿಯಲ್ಲೋ ಮಡಗಾಂವ್‌ನಲ್ಲೋ ಸಿಗುತ್ತದೆಯೇ ಅಂತ ಮೊದಲೇ ಕೇಳಿ. ಒಂದೆರಡು ಹೆಚ್ಚಿಗೆ ಕೊಂಡು ಇಟ್ಟುಕೊಳ್ಳುವುದೂ ಜಾಣತನ.

ಸಾಕೆಟ್ಟಿನ ಮೇಲೆ ಐಎಸ್ಐ ಗುರುತು ಮತ್ತು ಐಎಸ್ 1293 ಅನ್ನುವ ಸಂಖ್ಯೆ ನೋಡಿ. ಅದು ನಮ್ಮ ದೇಶದ ಪ್ಲಗ್ ಮತ್ತು ಸಾಕೆಟ್ಟಿನ ಮಾನಕ. ಟ್ರ್ಯಾಕಿಗೆ ಅಂತರರಾಷ್ಟ್ರೀಯ ಮಾನಕ ಐಇಸಿ 61534. ಅದರ ಪ್ರಕಾರ ಪರೀಕ್ಷೆ ಆಗಿದೆಯೇ ಅಂತ ಕೇಳಿ. ಎಲ್ಲ ದೇಶದ ಪಿನ್ ಹಿಡಿಯುವ ಯೂನಿವರ್ಸಲ್ ಸಾಕೆಟ್ ನೋಡಲು ಚಂದ, ಆದರೆ ನಮ್ಮ ದುಂಡು ಪಿನ್ನನ್ನು ಅವು ಬಿಗಿಯಾಗಿ ಹಿಡಿಯುವುದು ಕಡಿಮೆ. ಒಲೆ, ಕೆಟಲ್‌ಗೆ 16 ಆಂಪಿನ ನಮ್ಮದೇ ಮೂರು ಪಿನ್ನಿನ ಅಡಾಪ್ಟರ್ ತಗೊಳ್ಳಿ.

ಅಂಗಡಿಯಲ್ಲೇ ಒಂದು ಅಡಾಪ್ಟರನ್ನು ಹತ್ತು ಸಲ ಹಾಕಿ ತೆಗೆದು ನೋಡಿ. ಪ್ರತಿ ಸಲ ಟಕ್ ಅಂತ ಕೂರಬೇಕು, ಕೂತ ಮೇಲೆ ಅಲ್ಲಾಡಬಾರದು. ಮನೆಗೆ ಹಾಕಿಸಿದ ದಿನ ಕೆಟಲ್ ಮತ್ತು ಒಲೆ ಕಾಲು ಗಂಟೆ ಓಡಿಸಿ, ಅಡಾಪ್ಟರಿನ ಮೈ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾರದಷ್ಟು ಬಿಸಿ ಇದ್ದರೆ ಆಗಲೇ ಬಂದ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ವಾಪಸ್ ಕರೆಯಿರಿ.

ಅಕ್ಕೋರ ಮನೆಯ ಮೇನ್ ಡಬ್ಬಿ ಬಿಚ್ಚಿ ನೋಡಿದೆವು. ಆರ್‌ಸಿಸಿಬಿ ಇರಲಿಲ್ಲ, ಅಡಿಗೆಮನೆಯ ಅರ್ತ್ ವೈರ್ ಅರ್ಧಕ್ಕೇ ತುಂಡಾಗಿತ್ತು. ಈ ಮಳೆಗಾಲದೊಳಗೆ ಅವೆರಡನ್ನು ಸರಿ ಮಾಡಿಸಿ, ಕಟ್ಟೆಯ ಮೇಲೆ ನಾಲ್ಕು ಎಂಎಂ ವೈರ್ ಎಳೆದು ಇಟ್ಟುಕೊಳ್ಳುವುದು ಅಂತ ತೀರ್ಮಾನ ಆಗಿದೆ. ಪಟ್ಟಿ ದೀಪಾವಳಿಗೆ ಮಗ ಬಂದಾಗ.